ಕಲಿಸುತ್ತ ಕಲಿತವರು

ಹೊಸ ವಿದ್ಯೆಯೊಂದು ಹುಟ್ಟಿದಾಗ ಅದನ್ನು ಬಲ್ಲ ಗುರುಗಳು ಎಲ್ಲ ಕಡೆಯೂ ದೊರೆಯುವುದಿಲ್ಲ. ಅದನ್ನು ಕಲಿಯಬಯಸುವವರು ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ. ಇಂದು ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನವನ್ನು ಓದುವವರಿಗೆ ಆಧುನಿಕ ಭೌತವಿಜ್ಞಾನವು ಒಂದು ಪಠ್ಯವಿಷಯ. ಸಾಪೇಕ್ಷತಾ ಸಿದ್ಧಾಂತ, ಕ್ವಾಂಟಮ್ ಸಿದ್ಧಾಂತ, ಪರಮಾಣುವಿನ ರಚನೆ ಮೊದಲಾದವು ಅದರಲ್ಲಿ ಅಡಕವಾಗಿವೆ. ನೂರು ವರ್ಷಗಳಿಗೂ ಹಿಂದೆ ಈ ವಿಷಯವನ್ನು ಕಲ್ಕತ್ತದಲ್ಲಿ ಬೋಧಿಸಲು ಹೊರಟ ಇಬ್ಬರು ತರುಣರಿಗೆ ಸರಿಯಾದ ಪಠ್ಯಪುಸ್ತಕವಿರಲಿಲ್ಲ. ಕಲಿಸಿಕೊಡುವ ಗುರುವೂ ಇರಲಿಲ್ಲ. ಅವರು ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಭೌತವಿಜ್ಞಾನದ ಮುಖ್ಯ ನಿಯಮಗಳೆಲ್ಲವೂ ತಿಳಿದಾಗಿವೆಯೆಂದು ಭಾವಿಸಿದ ವಿದ್ವಾಂಸರಿದ್ದರು. ಆ ನಂಬಿಕೆ ಬಹುಕಾಲ ಉಳಿಯಲಿಲ್ಲ. ಕಾದ ವಸ್ತುವು ಹೊರಸೂಸುವ ವಿಕಿರಣವನ್ನು ಹಳೆಯ ನಿಯಮಗಳಿಂದ ವಿವರಿಸಲು ಸಾಧ್ಯವಾಗದೆ, 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಹೊಸದೊಂದು ಸೂತ್ರವನ್ನು ಮುಂದಿಟ್ಟರು. ಶಕ್ತಿಯು ಧಾರೆಯಂತೆ ಹರಿಯದೆ ಸಣ್ಣ ಸಣ್ಣ ಕಂತುಗಳಾಗಿ ವಿನಿಮಯವಾಗುತ್ತದೆ ಎಂಬುದು ಅದರ ತಿರುಳು. ಈ ಕಂತಿಗೆ ಕ್ವಾಂಟಮ್ ಎಂದು ಹೆಸರು. ಬೆಳಕು ಕೂಡ ಇಂತಹ ಕಂತುಗಳಿಂದಲೇ ಆದುದೆಂದು 1905ರಲ್ಲಿ ಐನ್‌ಸ್ಟೈನ್ ಸೂಚಿಸಿದರು. ಅದೇ ವರ್ಷ ಅವರು ಸಾಪೇಕ್ಷತಾ ಸಿದ್ಧಾಂತವನ್ನೂ ಪ್ರಕಟಿಸಿದರು.

ಕಲ್ಕತ್ತ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿನಲ್ಲಿ ಉನ್ನತ ತರಗತಿಗಳನ್ನು ತೆರೆಯಲು ಸರ್ ಆಶುತೋಷ ಮುಖರ್ಜಿಯವರು ಆಗ ಶ್ರಮಿಸುತ್ತಿದ್ದರು. ಅವರ ಆಶ್ರಯದಲ್ಲಿ ಬೋಸ್ ಮತ್ತು ಸಹಾ 1916ರ ಸುಮಾರಿಗೆ ಅಲ್ಲಿ ಅಧ್ಯಾಪಕರಾದರು. ಸಹಾ ಅವರು ಢಾಕಾದ ಬಳಿಯ ಹಳ್ಳಿಯ ಬಡ ಅಂಗಡಿಕಾರರೊಬ್ಬರ ಮಗ. ಬೋಸ್ ಕಲ್ಕತ್ತ ನಗರದಲ್ಲಿಯೇ ಹುಟ್ಟಿ ಬೆಳೆದವರು. ಇಬ್ಬರೂ ಸಹಪಾಠಿಗಳು. 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಬೋಸ್ ಮೊದಲನೆಯವರಾಗಿಯೂ ಸಹಾ ಎರಡನೆಯವರಾಗಿಯೂ ತೇರ್ಗಡೆ ಹೊಂದಿದ್ದರು. ಆದರೆ ಅವರು ಓದಿದ್ದು ಗಣಿತ. ಕಲಿಸಬೇಕಾಗಿ ಬಂದುದು ಭೌತವಿಜ್ಞಾನ.

ಹೊಸ ಭೌತವಿಜ್ಞಾನದ ಬಹುಪಾಲು ಬರಹಗಳು ಜರ್ಮನ್ ಭಾಷೆಯಲ್ಲಿದ್ದುವು. ಮೊದಲನೆಯ ಮಹಾಯುದ್ಧದ ಕಾರಣ ಜರ್ಮನಿಯಿಂದ ಗ್ರಂಥಗಳನ್ನು ತರಿಸುವುದು ದುಸ್ಸಾಧ್ಯವಾಗಿತ್ತು. ತರುಣರು ಎದೆಗುಂದಲಿಲ್ಲ. ಅವರು ಜರ್ಮನ್ ಭಾಷೆಯನ್ನು ಅಭ್ಯಾಸಮಾಡಿದರು. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಡಾಕ್ಟರ್ ಬ್ರೂಲ್ ಎಂಬ ವಿದ್ವಾಂಸರಿಂದ ಗ್ರಂಥಗಳನ್ನು ಎರವಲು ಪಡೆದು ಓದಿದರು. ತಾವು ಕಲಿತುದನ್ನು ತರಗತಿಯಲ್ಲಿ ಹೇಳಿದರು. ಅಷ್ಟಕ್ಕೇ ತೃಪ್ತರಾಗದೆ, ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿ ಅವರ ಸಾಪೇಕ್ಷತಾ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯವು ಈ ಗ್ರಂಥವನ್ನು ಪ್ರಕಟಿಸಿತು.

1921ರಲ್ಲಿ ಬೋಸ್ ಹೊಸದಾಗಿ ಆರಂಭವಾದ ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಪ್ಲಾಂಕರ ಸೂತ್ರವನ್ನು ಬೋಧಿಸುವಾಗ ಒಂದು ಸಂದೇಹ ಅವರನ್ನು ಬಾಧಿಸಿತು. ಸೂತ್ರವೇನೋ ಪ್ರಯೋಗಗಳಿಗೆ ಸರಿಯಾಗಿ ಹೊಂದುತ್ತಿತ್ತು. ಆದರೆ ಅದನ್ನು ಸಾಧಿಸುವ ಕ್ರಮದಲ್ಲಿ ಅರ್ಧ ಹಳೆಯ ನಿಯಮಗಳೂ ಅರ್ಧ ಹೊಸ ನಿಯಮಗಳೂ ಬೆರೆತಿದ್ದುವು. ಹಳೆಯದು ತಪ್ಪೆಂದು ಹೇಳಿ ಅದನ್ನೇ ಆಧಾರವಾಗಿಟ್ಟುಕೊಳ್ಳುವುದು ಹೇಗೆ? ಉತ್ತರ ಸರಿಯಾಗಿದೆಯೆಂದು ಅವರು ಸುಮ್ಮನಾಗಲಿಲ್ಲ. ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದನ್ನು ಕಂಡುಕೊಂಡರು.

ಆ ಕ್ರಮವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಎರಡು ಗೋಲಿಗಳನ್ನು ಎರಡು ಪೆಟ್ಟಿಗೆಗಳಲ್ಲಿ ಇಡಬೇಕೆಂದು ಭಾವಿಸೋಣ. ಎರಡೂ ಮೊದಲನೆಯ ಪೆಟ್ಟಿಗೆಯಲ್ಲಿರಬಹುದು, ಎರಡೂ ಎರಡನೆಯದರಲ್ಲಿರಬಹುದು, ಅಥವಾ ಒಂದೊಂದರಲ್ಲಿ ಒಂದೊಂದು ಇರಬಹುದು. ಈ ಕೊನೆಯ ಜೋಡಣೆಯಲ್ಲಿ ಗೋಲಿಗಳನ್ನು ಅದಲುಬದಲು ಮಾಡಿದರೆ ಮತ್ತೊಂದು ಜೋಡಣೆಯಾಗುತ್ತದೆ. ಆದ್ದರಿಂದ ಒಟ್ಟು 4 ಜೋಡಣೆಗಳು. ಬೆಳಕಿನ ಕಣಗಳ ಸ್ವಭಾವ ಬೇರೆ. ಇದು ಈ ಕಣ, ಅದು ಆ ಕಣ ಎಂದು ಗುರುತಿಸುವುದು ಅಸಾಧ್ಯ. ಅದಲುಬದಲು ಮಾಡಿದರೂ ಹೊಸ ಜೋಡಣೆಯಾಗುವುದಿಲ್ಲ. ಆದುದರಿಂದ ಜೋಡಣೆಗಳು 3 ಮಾತ್ರ. ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸಂಭವ ಮೊದಲ ಲೆಕ್ಕದಲ್ಲಿ ನಾಲ್ಕರಲ್ಲಿ ಎರಡು. ಈ ಲೆಕ್ಕದಲ್ಲಿ ಮೂರರಲ್ಲಿ ಎರಡು. ಇಂತಹ ಎಣಿಕೆಯಿಂದ ಹೊರಟ ಬೋಸ್, ಹಳೆಯ ನಿಯಮಗಳ ಹಂಗಿಲ್ಲದೆ ಪ್ಲಾಂಕರ ಸೂತ್ರವನ್ನು ಸಾಧಿಸಿದರು.

ಈ ಲೇಖನವನ್ನು ಅವರು ಮೊದಲು ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅದು ಅಲ್ಲಿ ಪ್ರಕಟವಾಗಲಿಲ್ಲ. 1924ರ ಜೂನ್ 4ರಂದು ಅವರು ಅದನ್ನು ನೇರವಾಗಿ ಐನ್‌ಸ್ಟೈನರಿಗೆ ಕಳುಹಿಸಿ, ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಲು ನೆರವಾಗಬೇಕೆಂದು ವಿನಯದಿಂದ ಕೇಳಿಕೊಂಡರು. ತಾವು ಅಪರಿಚಿತರಾದರೂ, ಬರಹಗಳ ಮೂಲಕ ಪಾಠ ಕಲಿತ ಶಿಷ್ಯರೇ ಎಂಬ ಭಾವ ಆ ಪತ್ರದಲ್ಲಿತ್ತು. ಲೇಖನದ ಮಹತ್ತ್ವವನ್ನು ಐನ್‌ಸ್ಟೈನ್ ಒಡನೆಯೇ ಗುರುತಿಸಿದರು. ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ, ತಮ್ಮ ಮೆಚ್ಚುಗೆಯ ಮಾತನ್ನು ಸೇರಿಸಿ, ಅದೇ ವರ್ಷ ಪ್ರಕಟಿಸಿದರು. ಹಿಂದೆ ಐನ್‌ಸ್ಟೈನರ ಬರಹವನ್ನು ಬೋಸ್ ಅನುವಾದಿಸಿದ್ದರು. ಈಗ ಬೋಸರ ಬರಹವನ್ನು ಐನ್‌ಸ್ಟೈನ್ ಅನುವಾದಿಸಿದರು!

ಐನ್‌ಸ್ಟೈನ್ ಈ ಎಣಿಕೆಯನ್ನು ಪರಮಾಣುಗಳಿಗೂ ಅನ್ವಯಿಸಿ, ಅತಿಶೀತದಲ್ಲಿ ಅಸಂಖ್ಯ ಪರಮಾಣುಗಳು ಒಂದೇ ಸ್ಥಿತಿಯಲ್ಲಿ ನೆಲೆಗೊಳ್ಳುವುವೆಂದು ತಿಳಿಸಿದರು. ಸುಮಾರು ಎಪ್ಪತ್ತು ವರ್ಷಗಳ ಅನಂತರ, 1995ರಲ್ಲಿ, ಅಮೆರಿಕದ ವಿಜ್ಞಾನಿಗಳು ರುಬಿಡಿಯಂ ಪರಮಾಣುಗಳಲ್ಲಿ ಅದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಈ ಬಗೆಯ ಎಣಿಕೆಗೆ ಒಳಪಡುವ ಕಣಗಳಿಗೆ ಇಂದು ಬೋಸಾನ್ ಎಂದು ಹೆಸರು. ಸಹಾ ಅವರು 1920ರಲ್ಲಿ ಪ್ರಕಟಿಸಿದ ಸಿದ್ಧಾಂತವು ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ಅರಿಯಲು ನೆರವಾಯಿತು.

ಇವರಿಗೆ ಸಂಪತ್ತಾಗಲಿ, ದೊಡ್ಡ ಪ್ರಯೋಗಶಾಲೆಯಾಗಲಿ ಇರಲಿಲ್ಲ. ಎರವಲು ತಂದ ಪುಸ್ತಕಗಳಿದ್ದುವು. ಅರ್ಥವಾಗದುದನ್ನು ಅರ್ಥವಾಯಿತೆಂದು ಹೇಳಿಕೊಳ್ಳದ ಪ್ರಾಮಾಣಿಕತೆ ಇತ್ತು. ಪುಸ್ತಕದಲ್ಲಿರುವ ಸೂತ್ರವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಕಷ್ಟವಲ್ಲ. ಆ ಸೂತ್ರ ಹೇಗೆ ಬಂತು, ಅದರ ಒಂದೊಂದು ಹೆಜ್ಜೆಯೂ ನ್ಯಾಯವಾದುದೆ ಎಂದು ವಿಚಾರಿಸುವವನು ಮಾತ್ರ ವಿದ್ಯೆಯನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ. ಢಾಕಾದ ತರಗತಿಯಲ್ಲಿ ಹುಟ್ಟಿದ ಒಂದು ಸಂದೇಹವು ಜಗತ್ತಿನ ವಿಜ್ಞಾನಕ್ಕೆ ಹೊಸ ದಾರಿಯನ್ನು ತೆರೆಯಿತು.