ವಿದ್ಯುತ್ ಪರಿವರ್ತಕದ ಎಣ್ಣೆಯೂ ಅದರಲ್ಲಿ ಮುಳುಗಿರುವ ವಸ್ತುಗಳೂ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಹಾದಿಯಲ್ಲಿ ಹೋದರೂ ಕಬ್ಬಿನ ಹೊಲದ ಅಂಚಿನಲ್ಲಿ ಎರಡು ಕಂಬಗಳ ನಡುವೆ ಏರಿಸಿಟ್ಟ ಒಂದು ಕಬ್ಬಿಣದ ಪೆಟ್ಟಿಗೆಯನ್ನು ನೀವು ಕಂಡಿರುವಿರಿ. ಪುಸ್ತಕದಲ್ಲಿ ಅದಕ್ಕೆ ಪರಿವರ್ತಕವೆಂದು ಹೆಸರು. ನಮ್ಮ ರೈತರ ಬಾಯಲ್ಲಿ ಅದು ‘ಟಿ.ಸಿ.’ ೧೧,೦೦೦ ವೋಲ್ಟಿನಲ್ಲಿ ಬಂದ ವಿದ್ಯುತ್ತನ್ನು ಪಂಪಿಗೆ ತಕ್ಕಂತೆ ೪೦೦ ವೋಲ್ಟಿನ ಸುಮಾರಿಗೆ ಇಳಿಸಿ ಕೊಡುವದೇ ಅದರ ಕೆಲಸ. ಅದು ಸುಟ್ಟುಹೋದರೆ ಬಾವಿಯಲ್ಲಿ ನೀರಿದ್ದೂ ಪೈರು ಒಣಗುವದು. ಹೀಗಿರಲಾಗಿ ಅದರ ಹೊಟ್ಟೆಯೊಳಗೆ ಏನಿದೆಯೆಂಬದನ್ನು ಅರಿಯುವದು ಈ ಸೀಮೆಯ ಹುಡುಗಿಯರಿಗೆ ಅಪ್ರಸ್ತುತವಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ಇಲ್ಲಿಯ ನೂಲಿನ ಗಿರಣಿಯು ೧೮೮೭ರಿಂದ ನಡೆಯಿತು. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ಬಳಕೆದಾರರೇ ಸದಸ್ಯರಾಗಿರುವ ಇಂಥ ಸಂಘವು ನಮ್ಮ ದೇಶದಲ್ಲಿ ಅಪರೂಪವಾದದ್ದು.

ಪೆಟ್ಟಿಗೆಯೊಳಗೆ ಉಕ್ಕಿನ ತಗಡುಗಳ ತಿರುಳೂ ಅದರ ಸುತ್ತ ತಾಮ್ರ ಅಥವಾ ಅಲ್ಯೂಮಿನಿಯಮ್ ತಂತಿಯ ಸುರುಳಿಗಳೂ ಇರುತ್ತವೆ. ತಂತಿಗೆ ಕ್ರಾಫ್ಟ್ ಕಾಗದದ ಹೊದಿಕೆ, ಸುರುಳಿಗಳ ನಡುವೆ ಒತ್ತಿದ ರಟ್ಟು, ಬಿಗಿಯಲು ಹತ್ತಿಯ ಪಟ್ಟಿ, ಆಧಾರಕ್ಕೆ ಮರದ ತುಂಡು, ಮುಚ್ಚಳದಂಚಿಗೆ ಮೆತ್ತನೆಯ ಗ್ಯಾಸ್ಕೆಟ್ಟು. ಇವೆಲ್ಲವೂ ಭೂಮಿಯಿಂದ ತೆಗೆದ ಖನಿಜತೈಲವನ್ನು ಶುದ್ಧಮಾಡಿದ ಎಣ್ಣೆಯಲ್ಲಿ ವರ್ಷಗಟ್ಟಲೆ ಮುಳುಗಿರುತ್ತವೆ. ಎಣ್ಣೆಯು ಶಾಖವನ್ನು ಹೊರಗೆ ಸಾಗಿಸುವದಲ್ಲದೆ, ಕಾಗದದೊಡನೆ ಕೂಡಿ ವಿದ್ಯುತ್ತನ್ನು ದಾರಿತಪ್ಪದಂತೆ ತಡೆಯುತ್ತದೆ.

ಕೂಡಿ ಎಂಬ ಮಾತನ್ನು ಗಮನಿಸಿರಿ. ಒಣ ಕಾಗದದ ರಂಧ್ರಗಳಲ್ಲಿ ಗಾಳಿ ಉಂಟು. ಬೇರೆ ಬೇರೆ ಪದಾರ್ಥಗಳ ಪದರುಗಳ ಮೂಲಕ ವಿದ್ಯುತ್ತಿನ ಒತ್ತಡವು ಹಾದುಹೋಗುವಾಗ, ಯಾವ ಪದಾರ್ಥದ ಪರಾವೈದ್ಯುತ ಸ್ಥಿರಾಂಕವು ಕಡಿಮೆಯೋ ಅದರ ಮೇಲೆಯೇ ಹೆಚ್ಚು ಒತ್ತಡ ಬೀಳುತ್ತದೆ. ಈ ಅಂಕವು ಗಾಳಿಗೆ ೧, ಎಣ್ಣೆಗೆ ಸುಮಾರು ೨.೨, ಎಣ್ಣೆ ಹೀರಿದ ರಟ್ಟಿಗೆ ಸುಮಾರು ೪. ಎಲ್ಲರಿಗಿಂತ ಬಲಹೀನನ ಹೆಗಲಿಗೇ ಭಾರ ಬಂದಂತಾಯಿತು. ಗಾಳಿಯ ಗುಳ್ಳೆಯಲ್ಲಿ ಮೊದಲು ಕಿಡಿ ಹುಟ್ಟಿ ಕಾಗದವನ್ನು ಮೆಲ್ಲಗೆ ಕೊರೆಯುವದು. ಆದಕಾರಣ ಸುರುಳಿಗಳನ್ನು ಕಾಯಿಸಿ, ಗಾಳಿಯನ್ನು ಹೀರಿ ತೆಗೆದು, ಆಮೇಲೆಯೇ ಎಣ್ಣೆಯನ್ನು ಬಿಡುತ್ತಾರೆ.

ಕಾಗದಕ್ಕೆ ನೀರು ದೊಡ್ಡ ಶತ್ರು. ಮಳೆಗಾಲದಲ್ಲಿ ಡಬ್ಬಿಯ ಹೊರಗುಳಿದ ಹಪ್ಪಳವು ಮೆತ್ತಗಾಗುವ ಪ್ರಕಾರ, ತೇವದ ಗಾಳಿಯಲ್ಲಿ ಕಾಗದವು ತನ್ನ ತೂಕದ ನೂರಕ್ಕೆ ಏಳೆಂಟು ಪಾಲಿನ ವರೆಗೆ ನೀರನ್ನು ಹೀರಬಲ್ಲದು. ಪರಿವರ್ತಕದಲ್ಲಿಯಾದರೋ ಅರ್ಧ ಪಾಲಿಗೆ ಇಳಿಸಬೇಕು. ಇಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದುಂಟು. ಒಳಗಿನ ನೀರಿನ ಬಹುಭಾಗವು ಎಣ್ಣೆಯಲ್ಲಿರದೆ ಕಾಗದದಲ್ಲಿ ಅಡಗಿರುತ್ತದೆ. ಎಣ್ಣೆಯನ್ನು ಮಾತ್ರ ಒಮ್ಮೆ ಸೋಸಿ ಒಣಗಿಸಿದರೆ ಪರೀಕ್ಷೆಯಲ್ಲಿ ಅದು ತೇರ್ಗಡೆಯಾದೀತು. ಕೆಲವು ದಿನಗಳಲ್ಲಿ ಕಾಗದದ ನೀರು ಮತ್ತೆ ಎಣ್ಣೆಗೆ ಬರುವದು. ನೀರೂ ಶಾಖವೂ ಸೇರಿದರೆ ಕಾಗದದ ನಾರು ತುಂಡುತುಂಡಾಗುತ್ತದೆ. ಹೊಸ ಕಾಗದದ ಅಣುಸರಪಳಿಯಲ್ಲಿ ಸಾವಿರದಷ್ಟು ಕೊಂಡಿಗಳಿರುತ್ತವೆ. ಅವು ೨೦೦ಕ್ಕೆ ಇಳಿದಾಗ ಕಾಗದವು ಬೆರಳು ತಾಕಿದರೆ ಪುಡಿಯಾಗುವದು.

ಇನ್ನು ಎಣ್ಣೆಗೆ ಒಗ್ಗದ ವಸ್ತುಗಳು. ಮರದ ಹಾಲಿನಿಂದಾದ ರಬ್ಬರು ನೀರಿಗೆ ಅಂಜದು. ಖನಿಜತೈಲದಲ್ಲಿಯಾದರೋ ಅದು ಉಬ್ಬಿ ಮೆತ್ತಗಾಗುತ್ತದೆ. ಪಂಪು ಹೊಡೆಯುವ ಸೀಮೆಎಣ್ಣೆಯ ಸ್ಟವ್ವಿಗೆ ನಮ್ಮ ತಾಯಂದಿರು ಚರ್ಮದ ವಾಷರನ್ನು ಹಾಕಿಸುತ್ತಿದ್ದದ್ದು ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇನ್ನೂ ನೆನಪಿದ್ದೀತು. ಪರಿವರ್ತಕದ ಗ್ಯಾಸ್ಕೆಟ್ಟಿಗೆ ನೈಟ್ರೈಲ್ ಎಂಬ ಕೃತಕ ರಬ್ಬರನ್ನೂ ಬಿರಡೆಯ ಮರದ ತೊಗಟೆಯನ್ನೂ ಕೂಡಿಸಿ ಬಳಸುತ್ತಾರೆ. ಮನೆಯ ತಂತಿಗೆ ಸುತ್ತುವ ಪಿ.ವಿ.ಸಿ. ಟೇಪು ಹೊರಗೆ ಒಳ್ಳೆಯ ಅವಾಹಕವೇ ಸರಿ. ಬಿಸಿ ಎಣ್ಣೆಯಲ್ಲಿ ಅದನ್ನು ಮೆತ್ತಗಿಟ್ಟಿದ್ದ ದ್ರವವೂ ಅಂಟೂ ಕರಗಿ ಹೋಗಿ ಟೇಪು ಬಿರುಸಾಗುವದು, ಎಣ್ಣೆಯೂ ಕೆಡುವದು. ದುರಸ್ತಿಯಾಗಿ ಬಂದ ಟಿ.ಸಿ. ಮತ್ತೆ ಸುಟ್ಟಾಗ ಪಂಪುಗಳ ಅತಿಭಾರವನ್ನೋ ಸಿಡಿಲನ್ನೋ ದೂರುವದುಂಟು, ಅದು ಹಲವು ಸಲ ನಿಜವೂ ಹೌದು. ಆದರೂ ಒಳಗೆ ಯಾವ ಟೇಪು ಸುತ್ತಿದರು, ಕಾಗದವನ್ನು ಒಣಗಿಸಿದರೋ ಇಲ್ಲವೋ ಎಂದು ಕೇಳುವವರು ವಿರಳ.

ಒಗ್ಗುವದೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಯು ಸರಳವಾದದ್ದು. ಒಂದು ಪಾತ್ರೆಯಲ್ಲಿ ಬರಿಯ ಎಣ್ಣೆ, ಇನ್ನೊಂದರಲ್ಲಿ ಅದೇ ಎಣ್ಣೆಯೊಡನೆ ಪರೀಕ್ಷಿಸಬೇಕಾದ ವಸ್ತು. ಅಮೇರಿಕದ ಒಂದು ಮಾನಕದ ಪ್ರಕಾರ ಎರಡನ್ನೂ ೧೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ೧೬೪ ತಾಸು ಇಟ್ಟು, ಎಣ್ಣೆಯ ಬಣ್ಣ, ಆಮ್ಲತೆ, ವಿದ್ಯುತ್ ನಷ್ಟಗಳನ್ನು ಹೋಲಿಸುತ್ತಾರೆ. ಬರಿಯ ಎಣ್ಣೆಯ ಪಾತ್ರೆ ಯಾಕೆ? ಶಾಖದಿಂದಲೇ ಕೆಟ್ಟದ್ದೆಷ್ಟು, ವಸ್ತುವಿನಿಂದ ಕೆಟ್ಟದ್ದೆಷ್ಟು ಎಂದು ಬೇರ್ಪಡಿಸಲಿಕ್ಕೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಹಲವು ದೇಶಗಳ ದೊಡ್ಡ ಪರಿವರ್ತಕಗಳು ಹಠಾತ್ತಾಗಿ ಕೆಟ್ಟವು. ಎಣ್ಣೆಯು ಆಗಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿತ್ತು, ತಾಮ್ರದಲ್ಲಿ ದೋಷವಿರಲಿಲ್ಲ, ಕಾಗದವೂ ಉತ್ತಮವೇ. ಎಣ್ಣೆಯಲ್ಲಿದ್ದ ಡೈಬೆಂಜೈಲ್ ಡೈಸಲ್ಫೈಡ್ ಎಂಬ ಗಂಧಕದ ಸಂಯುಕ್ತವು ಬಿಸಿ ತಾಮ್ರದೊಡನೆ ಸೇರಿ ತಾಮ್ರದ ಸಲ್ಫೈಡಾಗಿ, ಕಾಗದದ ಮೇಲೆ ಕಪ್ಪಾಗಿ ಕೂತು, ಅವಾಹಕವಾಗಿದ್ದ ಹೊದಿಕೆಯನ್ನು ವಿದ್ಯುತ್ತಿಗೆ ದಾರಿ ಮಾಡಿತ್ತು. ಬಳಿಕ ೨೦೦೮ರಲ್ಲಿ ಹೊಸ ಅಂತರರಾಷ್ಟ್ರೀಯ ಪರೀಕ್ಷೆಯೊಂದು ಬಂದಿತು: ಕಾಗದ ಸುತ್ತಿದ ತಾಮ್ರವನ್ನೇ ಎಣ್ಣೆಯಲ್ಲಿಟ್ಟು ೧೫೦ ಡಿಗ್ರಿಯಲ್ಲಿ ೭೨ ತಾಸು ಕಾಯಿಸುವದು. ಮೂರನ್ನೂ ಒಟ್ಟಿಗೆ ನೋಡದೆ ಈ ದೋಷ ಕಾಣದು.

ನಮ್ಮ ಪ್ರಯೋಗಶಾಲೆಯಲ್ಲಿ ಇದರ ಚಿಕ್ಕ ರೂಪವನ್ನು ನೀವು ಮಾಡಬಹುದು. ಟಿ.ಸಿ.ಯಿಂದ ತೆಗೆದ ಹಳೆಯ ಎಣ್ಣೆಯನ್ನು ಮುಟ್ಟಬೇಡಿರಿ. ಔಷಧದ ಅಂಗಡಿಯಲ್ಲಿ ದೊರೆಯುವ ಲಿಕ್ವಿಡ್ ಪ್ಯಾರಾಫಿನ್ ಕೂಡ ಶುದ್ಧಮಾಡಿದ ಖನಿಜತೈಲವೇ. ಮೂರು ಬಾಟಲಿಗಳಲ್ಲಿ ಅದನ್ನು ಸಮನಾಗಿ ತುಂಬಿರಿ. ಒಂದರಲ್ಲಿ ರಬ್ಬರ್ ಬ್ಯಾಂಡನ್ನೂ ಇನ್ನೊಂದರಲ್ಲಿ ಹತ್ತಿಯ ಲಾಡಿಯ ತುಂಡನ್ನೂ ಉದ್ದ ಅಳೆದು ಹಾಕಿರಿ. ಮೂರನೆಯದರಲ್ಲಿ ಏನನ್ನೂ ಹಾಕದೆ ಮುಚ್ಚಿಡಿರಿ. ಎಂಟು ದಿನದ ಮೇಲೆ ತೆಗೆದು, ಒರೆಸಿ, ಮತ್ತೆ ಅಳೆದು, ಎರಡು ಅಳತೆಗಳನ್ನೂ ತಾರೀಖಿನೊಡನೆ ವಹಿಯಲ್ಲಿ ಬರೆಯಿರಿ.