ಫೈಬರ್ ದೋಣಿಯಲ್ಲಿ ಆಂಪ್ಲಿಫೈಯರನ್ನು ಕೂಡಿಸುವ ಕ್ರಮ

ಕೊಯ್ನಾ ಕಣಿವೆಯಲ್ಲಿ ಮಳೆ ಬಲಿತು ಮೇಲಣ ಜಲಾಶಯಗಳಿಂದ ನೀರು ಹರಿದುಬಂದಿತೆಂದರೆ, ಕೃಷ್ಣಾ ನದಿಯ ಹಿಪ್ಪರಗಿ ಬ್ಯಾರೇಜಿನ ಆಚೀಚೆಗಿರುವ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ತೀರಗ್ರಾಮಗಳಲ್ಲಿ ಡಂಗುರ ಸಾರುವುದು ವಾಡಿಕೆ. ಆದರೆ 2005ರಲ್ಲಿಯೂ 2019ರಲ್ಲಿಯೂ ಆದಂತೆ ಕೃಷ್ಣೆಯು ದಂಡೆ ಮೀರಿ ರಸ್ತೆಗಳನ್ನೇ ನುಂಗಿದಾಗ, ನೀರು ಸುತ್ತುವರಿದ ಮನೆಗಳಿಗೆ ಎಚ್ಚರಿಕೆಯ ಮಾತನ್ನು ಮುಟ್ಟಿಸಲು ದೋಣಿಯೊಂದೇ ಗತಿಯಾಗುತ್ತದೆ. ಎಂಜಿನ್ನಿನ ಸದ್ದನ್ನೂ ಹೊಳೆಯ ಮೊರೆತವನ್ನೂ ಮೀರಿ ಮನುಷ್ಯಕಂಠವು ಕೇಳಿಸಲಾರದಾದುದರಿಂದ ಅಲ್ಲಿ ಆಂಪ್ಲಿಫೈಯರು ಜೀವರಕ್ಷಕ ಸಾಧನವೇ ಸರಿ. ಅದನ್ನು ಮಳೆಗಾಲಕ್ಕೆ ಮುಂಚಿತವಾಗಿಯೇ ಭದ್ರವಾಗಿ ಕೂಡಿಸಿಕೊಳ್ಳತಕ್ಕದ್ದು.

ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಯಿಸಿ ಪದರಪದರವಾಗಿ ರಚಿಸಿದ ಫೈಬರ್ ಒಡಲು ವಿದ್ಯುತ್ತನ್ನು ಹರಿಯಗೊಡದು, ಉಷ್ಣವನ್ನೂ ಬೇಗನೆ ಹೊರಹಾಕದು. ಜೀಪಿನಲ್ಲಿ ಕಬ್ಬಿಣದ ಚೌಕಟ್ಟಿಗೇ ಋಣತಂತಿಯನ್ನು ಜೋಡಿಸುವ ಅಭ್ಯಾಸವು ಇಲ್ಲಿ ನಿರುಪಯುಕ್ತ. ಧನ, ಋಣ ಎರಡು ತಂತಿಗಳೂ ಬ್ಯಾಟರಿಯವರೆಗೆ ಹೋಗಬೇಕು.

ಮೊದಲು ಸ್ಥಳನಿರ್ಣಯ. ಇದಕ್ಕೆ ಅರ್ಧ ದಿನವೇ ವ್ಯಯವಾದರೂ ಚಿಂತೆಯಿಲ್ಲವೆಂಬುದು ನನ್ನ ಅಭಿಪ್ರಾಯ. ತಳದಲ್ಲಿ ನೀರು ನಿಲ್ಲುವುದರಿಂದ ನೆಲಮಟ್ಟವು ಸಲ್ಲದು. ಪೆಟ್ರೋಲ್ ಟ್ಯಾಂಕಿನ ಸಮೀಪವಂತೂ ಸರ್ವಥಾ ವರ್ಜ್ಯ, ಏಕೆಂದರೆ ಗಾಳಿಗಿಂತ ಭಾರವಾದ ಪೆಟ್ರೋಲಿನ ಆವಿಯು ಒಡಲಿನ ತಗ್ಗಿನಲ್ಲಿ ಸಂಗ್ರಹವಾಗಿ, ಸ್ವಿಚ್ಚಿನ ಒಂದು ಕಿಡಿಗೇ ಹೊತ್ತಿಕೊಳ್ಳಬಲ್ಲುದು. ಚಾಲಕನ ಮುಂದಿನ ಪೆಟ್ಟಿಗೆಯ ಒಳಗೋಡೆಯ ಮೇಲ್ಭಾಗವೇ ಪ್ರಶಸ್ತ. ತಂಪಿನ ರೆಕ್ಕೆಗಳು ಲಂಬವಾಗಿರುವಂತೆ ನಿಲ್ಲಿಸಿ, ಸುತ್ತಲೂ ನಾಲ್ಕು ಬೆರಳಿನಷ್ಟು ತೆರಪು ಬಿಡಿರಿ.

ಒಡಲಿಗೆ ನೇರವಾಗಿ ಸ್ಕ್ರೂ ಹೊಡೆಯಲೇಬಾರದು. ಆ ರಂಧ್ರದಿಂದ ಪದರಗಳೊಳಗೆ ನೀರು ಇಳಿದು ದೋಣಿಯೇ ದುರ್ಬಲವಾಗುತ್ತದೆ. ಅದಕ್ಕೆ ಬದಲಾಗಿ 12 ಮಿ.ಮೀ. ದಪ್ಪದ ಮರೈನ್ ಪ್ಲೈವುಡ್ಡಿನ ಹಲಗೆಯೊಂದನ್ನು ಕತ್ತರಿಸಿ, ಅಂಚುಗಳ ಸಹಿತ ಎಪಾಕ್ಸಿ ಬಳಿದು ಒಣಗಿಸಿರಿ. ಹಲಗೆ ಕೂಡುವ ಜಾಗವನ್ನು ಅಸಿಟೋನಿನಿಂದ ಒರೆಸಿದ ತರುವಾಯವೇ 80ನೆಯ ನಂಬರಿನ ಉಪ್ಪುಕಾಗದದಿಂದ ಉಜ್ಜಬೇಕು. ಮೊದಲೇ ಉಜ್ಜಿದರೆ ಮೇಲಣ ಮೇಣವು ಗೀರುಗಳೊಳಗೆ ಸೇರಿ ಅಂಟು ಹಿಡಿಯುವುದಿಲ್ಲ. ಗಾಜಿನ ಧೂಳು ಶ್ವಾಸಕೋಶಕ್ಕೆ ಅಹಿತವಾದುದರಿಂದ ಮಾಸ್ಕನ್ನೂ ಕನ್ನಡಕವನ್ನೂ ಧರಿಸಿರಿ. ಪುನಃ ಒರೆಸಿ, ಹಲಗೆಯನ್ನೂ ಉಜ್ಜಿ, ದಪ್ಪನೆಯ ಎಪಾಕ್ಸಿಯಿಂದ ಅಂಟಿಸಿ ಒಂದು ದಿನ ಅಲುಗಿಸದೆ ಬಿಟ್ಟ ಮೇಲೆ, ಹಲಗೆಯ ದಪ್ಪವನ್ನು ಮೀರದ ಸ್ಟೇನ್‌ಲೆಸ್ ಸ್ಕ್ರೂಗಳಿಂದ, ಕಂಪನವನ್ನು ಹೀರುವ ರಬ್ಬರ್ ವಾಷರ್ ಸಹಿತವಾಗಿ ಯಂತ್ರವನ್ನು ಬಿಗಿಯತಕ್ಕದ್ದು.

ಇನ್ನು ತಂತಿ. 60 ವ್ಯಾಟಿನ ಆಂಪ್ಲಿಫೈಯರು ನಷ್ಟ ಸೇರಿ ಸುಮಾರು 100 ವ್ಯಾಟ್ ಎಳೆದರೆ, 12 ವೋಲ್ಟಿನಲ್ಲಿ ಎಂಟು ಆಂಪಿಯರಿಗೂ ಮಿಗಿಲಾಗುತ್ತದೆ. ಬ್ಯಾಟರಿ ಐದು ಮೀಟರ್ ದೂರದಲ್ಲಿದ್ದರೆ 4 ಚದರ ಮಿ.ಮೀ.ನ, ತವರ ಲೇಪಿಸಿದ ತಾಮ್ರದ ತಂತಿ ಬೇಕು. ತಯಾರಕರು ಸೂಚಿಸಿದ ಅಳತೆಯ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಧನತಂತಿಗೆ ಜೋಡಿಸಿರಿ. ದೂರದಲ್ಲಿ ಹಾಕಿದರೆ ನಡುವಣ ತಂತಿಗೆ ರಕ್ಷಣೆಯೇ ಇಲ್ಲ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಇದಕ್ಕೆ ಬಳಸದಿರುವುದು ಲೇಸು: ಮಾತನಾಡಿ ಮುಗಿಸುವಷ್ಟರಲ್ಲಿ ಅದು ಬತ್ತಿದರೆ ದೋಣಿಯು ಪ್ರವಾಹದ ಪಾಲಾದೀತು. ಧ್ವನಿ ಹೊರಡಿಸುವ ಹಾರ್ನಿನಿಂದ ಬರುವ ತಂತಿಯು ಯಂತ್ರಕ್ಕಿಂತ ಕೆಳಗೆ ಒಮ್ಮೆ ಬಾಗಿ ಮೇಲೇರಲಿ. ಅದರ ಗುಂಟ ಇಳಿದ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಮೈಕು ಯಾವಾಗಲೂ ಹಾರ್ನಿನ ಹಿಂದಿರಬೇಕು, ಇಲ್ಲವಾದರೆ ಕೀರಲು ಧ್ವನಿಯು ಮಾತನ್ನು ಮರೆಸುತ್ತದೆ.

ಕಡೆಗೆ ಹಿನ್ನೀರಿನಲ್ಲಿ ಎಂಜಿನ್ ಓಡಿಸುತ್ತ ಅರ್ಧ ಗಂಟೆ ಮಾತನಾಡಿ ನೋಡಿರಿ. ಬಳಿಕ ತಂತಿಯ ತುದಿಗಳನ್ನು ಮುಟ್ಟಿ, ಬಿಸಿಯಾದ ಜೋಡಣೆಯಿದ್ದರೆ ಬಿಚ್ಚಿ ಮತ್ತೆ ಬಿಗಿದು, ಅದೇ ಅಳತೆಯ ಎರಡು ಫ್ಯೂಸುಗಳನ್ನು ನೀರು ನುಗ್ಗದ ಡಬ್ಬಿಯಲ್ಲಿ ಹಾಕಿ ಪೆಟ್ಟಿಗೆಯೊಳಗಿರಿಸಿರಿ.