ಪ್ರಯೋಗಾಲಯದಲ್ಲಿ ಕೈ ಪಳಗಲಿ

ಮುಳಬಾಗಿಲು, ಶ್ರೀನಿವಾಸಪುರದ ಹೈಸ್ಕೂಲು ಮಕ್ಕಳೇ, ಮುಂದೆ ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜನ್ನೋ ಲ್ಯಾಬ್ ಟೆಕ್ನಿಷಿಯನ್ ಕೋರ್ಸನ್ನೋ ಸೇರುವ ಆಸೆಯಿದ್ದರೆ ಕೈ ಪಳಗಬೇಕಾದದ್ದು ಈಗಲೇ. ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದ ಮಾತ್ರಕ್ಕೆ ಪ್ರಯೋಗ ಮಾಡಿದಂತಾಗದು.

ಈರುಳ್ಳಿ ಪೊರೆಯಿಂದ ಶುರುಮಾಡಿ. ಪೊರೆ ಒಂದೇ ಪದರವಿರಲಿ, ಮಡಿಕೆ ಬೀಳದಿರಲಿ. ಸ್ಯಾಫ್ರನಿನ್ ಬಣ್ಣ ಹಿಡಿಸಿ, ಹೆಚ್ಚಾದದ್ದನ್ನು ತೊಳೆದು, ಗ್ಲಿಸರಿನ್ ಹನಿಯಲ್ಲಿಡಿ. ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಿ. ಧೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ಆ ಗುಳ್ಳೆಯನ್ನೇ ಜೀವಕೋಶವೆಂದು ಬರೆದುಕೊಳ್ಳುವವರು ಬಹಳ. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಮೊದಲು 10 ಪಟ್ಟು ಹಿಗ್ಗಿಸುವ ಮಸೂರ, ಆಮೇಲೆ 40. ದೊಡ್ಡ ಮಸೂರಕ್ಕೆ ಹೋದಮೇಲೆ ದಪ್ಪ ತಿರುಪನ್ನು ಮುಟ್ಟಲೇಬೇಡಿ, ಸ್ಲೈಡ್ ಒಡೆದೀತು.

ಇನ್ನು ನೀರಿನ ಪರೀಕ್ಷೆ. ನಮ್ಮ ಕೋಲಾರ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಿಮ್ಮೂರ ನೀರನ್ನು ಪರೀಕ್ಷೆಗೆ ಹಿಡಿಯುವಾಗ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆಯಿರಿ. ಊರು, ಬಾವಿ, ತಾರೀಕು ಬರೆದ ಚೀಟಿಯನ್ನು ಅಲ್ಲೇ ಅಂಟಿಸಿ. ಮನೆಗೆ ಹೋಗಿ ಬರೆಯೋಣವೆಂದರೆ ಬಾಟಲಿಗಳು ಅದಲುಬದಲಾಗುತ್ತವೆ. ಆಸ್ಪತ್ರೆಯಲ್ಲಿ ರಕ್ತ ತೆಗೆದವರೂ ರೋಗಿಯ ಎದುರಿನಲ್ಲೇ ಟ್ಯೂಬಿಗೆ ಹೆಸರು ಬರೆಯಬೇಕು.